ಬಾಗಿಲು ಹಾಕು, ಡೆಲ್ಬರ್ಟ್

ಬಾಗಿಲು ಹಾಕು, ಡೆಲ್ಬರ್ಟ್. ವಿಲಿಸ್ಟನ್ನಿನಲ್ಲಿ ಇವತ್ತು ಮೈನಸ್ ಮೂವತ್ತು,
ನನ್ನ ಮೈಕ್ರೋಮೀಟರಿಗೂ ನೆಗಡಿಯಾಗುತ್ತೆ.
ಬೂಟಿನ ಹಿಮ ಅಲ್ಲೇ ಕೊಡವು. ಏನು ತಂದೆ, ತೋರಿಸು.

ಓಹೋ, ಹೊಸ ಕ್ಯಾಮು. ಎಣ್ಣೆಕಾಗದ ಬಿಚ್ಚಿದರೆ
ತಾಯಿ ನೆಕ್ಕಿಬಿಟ್ಟ ಕರುವಿನ ಹಾಗೆ ಮಿರುಗುತ್ತೆ.
ಹದಿನಾರು ಉಬ್ಬು, ಒಂದೊಂದಕ್ಕೂ ಅದರದೇ ಹಟ.
ಕ್ಯಾಟಲಾಗು ಹೇಳಿತಾ, ನಲವತ್ತು ಕುದುರೆ ಹೆಚ್ಚು ಅಂತ?
ಹೇಳುತ್ತೆ. ಕುದುರೆ ಮಾರುವವರು ಲಾಯದ ಮಾತೆತ್ತುವುದಿಲ್ಲ.

ಸ್ಪ್ರಿಂಗು ಹಳೆಯದೇ ಸಾಕು ಅಂತೀಯ.
ಬಾ, ಲೆಕ್ಕ ನೋಡು. ನನ್ನನ್ನು ನಂಬಬೇಡ, ಗೇಜನ್ನು ನಂಬು.
ಕೂತಾಗ ಇದರ ಎತ್ತರ ಒಂದೂಮುಕ್ಕಾಲು ಇಂಚಿಗೆ ಚೂರು ಕಮ್ಮಿ,
ಹೊಸ ಕ್ಯಾಮು ಅರ್ಧ ಇಂಚು ಮೀರಿ ಒತ್ತುತ್ತೆ,
ಸುರುಳಿಗೆ ಸುರುಳಿ ತಾಗಿ ಕಲ್ಲಾಗುವ ಮೊದಲು ಉಳಿಯೋದು
ಇಂಚಿನ ಸಾವಿರ ಪಾಲಿನಲ್ಲಿ ಹತ್ತು.
ಹತ್ತು! ನಿನ್ನ ಮೂರು ಕೂದಲಿನ ದಪ್ಪ.
ಅರವತ್ತಾದರೂ ಬೇಕು ನನಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ,
ನೀನು ಕಾಲನ್ನೇ ಕೊಂಡು ತಂದಿದ್ದೀಯ. ಇನ್ನು ಹಾಸಿಗೆ ಕೊಳ್ಳು.

ಹಾಗಂತ ಕಪಾಟಿನ ಆ ಕೆಂಪು ಡಬ್ಬಿಗೆ ಕೈ ಹಾಕಬೇಡ.
ಅದು ತೀರಾ ಬಿಗಿ. ಬಿಗಿ ಅಂದರೆ ಒಳ್ಳೇದು ಅಂತಲ್ಲ.
ಸಡಿಲವಾದರೆ ಆರು ಸಾವಿರ ಸುತ್ತಿನಲ್ಲಿ ವಾಲ್ವು
ಉಬ್ಬಿನ ಜೊತೆ ಇಳಿಯಲಾರದೆ ತೇಲುತ್ತೆ,
ಪಿಸ್ಟನ್ನು ಮೇಲೆ ಬಂದು ಕೇಳುತ್ತೆ, ಇನ್ನೂ ಇಲ್ಲೇ ಇದ್ದೀಯಾ ಅಂತ.
ಬಿಗಿಯಾದರೆ ಉಬ್ಬೇ ಸವೆದು ಬೋಳು.
ನಡುವಿನದು ತಗೋ, ಆ ನೀಲಿ. ಬೆಲೆಯೂ ನಡುವಿನದೇ.

ಲಿಫ್ಟರು ಹೊಸತು. ಇದರಲ್ಲಿ ಚೌಕಾಸಿ ಇಲ್ಲ.
ಹಳೆಯದರ ಮುಖ ಹಳೆ ಉಬ್ಬಿಗೇ ಸವೆದು ಒಗ್ಗಿದೆ,
ಇನ್ನೊಂದು ಮನೆಯಲ್ಲಿ ತಾನೂ ಬಾಳದು, ಬಾಳಗೊಡದು.
ಪುಶ್‌ರಾಡು ಕೊಳ್ಳೋದು ಆಮೇಲೆ. ಮೊದಲು
ಉದ್ದ ಬದಲಿಸುವ ಈ ಕಡ್ಡಿ ಇಟ್ಟು,
ವಾಲ್ವಿನ ನೆತ್ತಿಗೆ ಮಾರ್ಕರ್ ಮಸಿ ಬಳಿದು ತಿರುಗಿಸು.
ರಾಕರು ಉಜ್ಜಿದ ಗೆರೆ ನಟ್ಟನಡುವೆ, ಸಣ್ಣಗೆ ಬಿತ್ತೋ, ಆ ಉದ್ದ ಬರೆದುಕೋ.
ಅಂಚಿಗೆ ಬಿತ್ತೋ, ಎತ್ತು ಏರಿಗೆ, ಕೋಣ ನೀರಿಗೆ,
ನಡುವೆ ಗೈಡು ಸವೆಯುತ್ತೆ.

ನಗಬೇಡ. ಆ ಕಾಫಿ ಡಬ್ಬಿ ಅಲ್ಲಾಡಿಸು.
ಸೀಳಿದ ರಿಟೇನರು, ಎರಡಾದ ರಾಕರು, ತಲೆ ಕಳಕೊಂಡ ವಾಲ್ವು.
ನಿನ್ನದೂ ಇದೆ ಅದರಲ್ಲಿ, ಹೋದ ಆಗಸ್ಟಿನದು.
ತಳದಲ್ಲಿ ಕಪ್ಪಗಿರೋದು ನನ್ನದು.
ಇಪ್ಪತ್ತಾರು ವರ್ಷ ನನಗೆ, ಮಣ್ಣಿನ ಟ್ರ್ಯಾಕು, ಕೊನೆಯ ಎರಡು ಸುತ್ತು,
ಮುಂದೆ ಯಾರೂ ಇಲ್ಲ, ಧೂಳೂ ಇಲ್ಲ.
ವಾಲ್ವಿನ ಬೀಗಕ್ಕೆ ಹಳೆ ಕೀಪರನ್ನೇ ಹಾಕಿದ್ದೆ. ನಾಲ್ಕು ಡಾಲರು ಉಳಿಸಿದ್ದೆ.
ಅಷ್ಟು ಸಾಕು ಆ ಮಾತು.

ದುಡ್ಡು ಸಾಲದಾ? ಎಣ್ಣೆಬಾವಿಯವರು ಪಾಳಿ ಕಡಿಸಿದ್ದು ಗೊತ್ತು.
ಅಂಗಡಿ ಮುಂದಿನ ಹಿಮ ಎತ್ತು, ಮಾರ್ಚ್ ಮುಗಿಯುವವರೆಗೆ.

*

ಗುರುವಾರ ಅಂದೆ, ಗುರುವಾರವೇ ಬಂದೆ. ಪರವಾಗಿಲ್ಲ.
ಮಗಳನ್ನೂ ಕರೆತಂದೆಯಾ? ಬಾ ಲಿವ್,
ನಿನ್ನ ಚೀಲದ ಆ ಹಸಿರು ಜೇಡಿಮುದ್ದೆ ಒಂದು ಗಂಟೆ ಸಾಲ ಕೊಡು.
ಪಿಸ್ಟನ್ನಿನ ನೆತ್ತಿಗೆ ಹೀಗೆ ಒತ್ತಿ, ಹೆಡ್ಡು ಕೂರಿಸಿ,
ಕೈಯಲ್ಲೇ ತಿರುಗಿಸು ಡೆಲ್ಬರ್ಟ್. ನಿಧಾನ. ಇನ್ನೂ ನಿಧಾನ.
ಸರಿ, ಬಿಚ್ಚು. ಬ್ಲೇಡು ಕೊಡು.
ಇನ್‌ಟೇಕಿನ ಕಡೆ ತೊಂಬತ್ತೆರಡು. ಎಗ್ಸಾಸ್ಟಿನ ಕಡೆ ನೂರ ಹತ್ತು.
ಈಗ ಉಸಿರು ಬಿಡು, ನೀನೂ.

ಮೊದಲ ಇಪ್ಪತ್ತು ನಿಮಿಷ ಒಳಸ್ಪ್ರಿಂಗು ತೆಗೆದಿಟ್ಟೇ ಓಡಿಸು,
ಎರಡು ಸಾವಿರದ ಕೆಳಗೆ ಇಳಿಸಬೇಡ,
ಬಾಯಿ ಮುಚ್ಚಿ ಪಕ್ಕದಲ್ಲಿ ನಿಂತು ಕೇಳು.

ಜೇಡಿಯ ಎಣ್ಣೆ ಒರೆಸಿ ಅವಳಿಗೆ ಕೊಡು.
ವಾಲ್ವು ಒತ್ತಿದ ಎರಡು ಅರೆಚಂದ್ರ ಹಾಗೇ ಇರಲಂತೆ,
ಆಮೆ ಮಾಡ್ತಾಳಂತೆ.