ಬಾಕು, ಬಾಕಿ

ಮಾರ್ಚ್ ಮುಗಿಯುವ ಮೊದಲೇ ಶಾಲೆ ಮುಗಿಯಿತು.
ಬಾಗಿಲ ಬದಿಗೆ ಹೊಟ್ಟೆ ಬಿರಿದ ಎರಡು ಬ್ಯಾಗು, ಮೂರು ವಾರ ರಜೆ.
ಎದುರು ಫ್ಲಾಟಿನ ಲಿಯೋರಾ ಬಾಕುವಿಗೆ ಹೋದಳಂತೆ,
ಅಲ್ಲಿ ಹಿಮ ಮುಟ್ಟುತ್ತಾಳಂತೆ,
ಮುಟ್ಟಿದ್ದನ್ನು ಫೋಟೊ ಮಾಡಿ ಕಳಿಸುತ್ತಾಳಂತೆ.
"ನಾವೆಲ್ಲಿಗೆ?" ಎಂದಳು ಶೆರಿಲ್.
"ಅವರದು ಬಾಕು, ನಮ್ಮದು ಬಾಕಿ" ಅಂದರು ಇವರು
ಶೂ ಬಿಚ್ಚುತ್ತ.
ನಾನೊಬ್ಬಳೇ ನಕ್ಕೆ. ಮಕ್ಕಳಿಗೆ ಎರಡರ ಅರ್ಥವೂ ಗೊತ್ತಿಲ್ಲ.

ಮನೆಯೊಳಗೆ ಕೊಂಕಣಿ, ಪೇಟೆಯಲ್ಲಿ ಹಿಂದಿ,
ಲೆಕ್ಕ ಮಾತ್ರ ನನಗೆ ಕನ್ನಡದಲ್ಲೇ ಕೂಡುತ್ತದೆ.
ಶಿರ್ವದ ಶಾಲೆಯಲ್ಲಿ ಬೆತ್ತದ ಎದುರು ನಿಂತು ಕಲಿತ ಮಗ್ಗಿ.
ಊರಿಗೆ ನಾಲ್ಕು ಟಿಕೆಟಿನ ದರ ಒಮ್ಮೆ ನೋಡಿದೆ.
ಗುಣಿಸಲಿಲ್ಲ.

ಒಲೆ ನಮ್ಮದು ಬೆಳಿಗ್ಗೆ ಆರರಿಂದ ಏಳೂವರೆ,
ಮತ್ತೆ ಸಂಜೆ ಏಳರ ಮೇಲೆ;
ಉಳಿದ ಹೊತ್ತು ಹಲಗೆಯಾಚೆಯವರದು.
ಅವರ ಮಗು ರಾತ್ರಿ ಕೆಮ್ಮಿದರೆ ನನಗೂ ಎಚ್ಚರ.
ತಪಸ್ಸುಕಾಲ ಬೇರೆ, ಮಾಂಸವಿಲ್ಲ.
ದೇವರಿಗೂ ಸಮಾಧಾನ, ತಿಂಗಳ ಕೊನೆಗೂ ಸಮಾಧಾನ.
ಬೂತಾಯಿಗೆ ಮಾರುಕಟ್ಟೆ ಮುಚ್ಚುವ ಹೊತ್ತಿಗೇ ಹೋಗಬೇಕು,
ಆಗ ಅರ್ಧ ಕಿಲೊ ಕೇಳಿದರೆ ಮೀನಿನವನು
ಬುಟ್ಟಿಯನ್ನೇ ಮಗುಚುತ್ತಾನೆ.

ಮೂರನೇ ಮಹಡಿಯ ಹುಡುಗನ ಹಳೆಯ ಪುಸ್ತಕಗಳು
ನಮ್ಮ ಆಲ್ರಿಕನಿಗೆ ಹೊಸವು.
ಪೆನ್ಸಿಲಿನ ಉತ್ತರಗಳನ್ನು ರಬ್ಬರಿನಲ್ಲಿ ತಿಕ್ಕುವುದೇ
ರಜೆಯ ಮೊದಲೆರಡು ದಿನದ ಆಟ.
"ಅಳಿಸುವ ಮೊದಲು ಒಂದ್ಸಲ ಓದ್ಲಾ?" ಕೇಳಿದ, ಕಳ್ಳ.
ಇವರು ಪ್ರೆಸ್ಸಿನಿಂದ ತಂದದ್ದು ಹಾಳಾದ ಹಾಳೆಗಳ ಸುರುಳಿ:
ಯಾವುದೋ ರೆಸಾರ್ಟು, ನೀಲಿ ತುಸು ಹೆಚ್ಚು ಬಿದ್ದು
ಗಿರಾಕಿ ಬೇಡವೆಂದದ್ದು.
ಗಣಿತಕ್ಕೆ ಮಾಲ್ಡೀವ್ಸ್ ಹೊದಿಸಿದೆವು. ವಿಜ್ಞಾನಕ್ಕೂ.
ಸಮಾಜದ ಸರದಿ ಬರುವಷ್ಟರಲ್ಲಿ ಕಡಲು ಮುಗಿದು
ಒಂದು ಆರಾಮಕುರ್ಚಿಯ ಕಾಲಷ್ಟೇ ಉಳಿದಿತ್ತು.

ಭಾನುವಾರ
ಚಪಾತಿಯೊಳಗೆ ಸಕ್ಕರೆ ಸುತ್ತಿ,
ಕಲ್ಲಾಗುವ ತನಕ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಯನ್ನು
ಹಳೆ ಟವೆಲಿನಲ್ಲಿ ಸುತ್ತಿ,
ಸಬ್ಖಾದ ದೋಣಿಕಟ್ಟೆಗೆ ನಡೆದೇ ಹೋದೆವು.
ದಾರಿಯಲ್ಲಿ ಶೆರಿಲ್ ಬಾಟಲಿಗೆ ಕೆನ್ನೆಯೊತ್ತಿ
ಫೋಟೊ ತೆಗೆಸಿಕೊಂಡಳು. ಯಾರಿಗೆ ಕಳಿಸಿದಳೋ ಹೇಳಲಿಲ್ಲ.

ಆಚೆ ದಡಕ್ಕೆ ತಲೆಗೊಂದು ದಿರ್ಹಂ.
ಹೋದೆವು, ಬಂದೆವು. ಮತ್ತೆ ಹೋದೆವು.
ಚಪಾತಿಯ ಅಂಚು ಹರಿದು ಎಸೆದರೆ
ಕಡಲಹಕ್ಕಿಗಳು ನೀರಿಗೆ ಬೀಳಲು ಬಿಡುತ್ತಿರಲಿಲ್ಲ.
"ನಿನ್ನ ಪಾಲಿಂದ ಹಾಕು" ಎಂದು ಮಕ್ಕಳ ಜಗಳ.
ತಿರುಗಿ ನೋಡಿದರೆ
ಎಂಜಿನ್ನಿನ ಗಡಗಡಕ್ಕೆ, ಉಪ್ಪುಗಾಳಿಗೆ,
ಇವರ ಗದ್ದ ಎದೆಗೆ ಇಳಿದಿತ್ತು.
ಆರು ರಾತ್ರಿಯ ಪಾಳಿ. ಉಗುರಿನ ಬುಡದಲ್ಲಿ ಅದೇ ಹೆಚ್ಚಾದ ನೀಲಿ.

ಈಚೆ ದಡ ಬಂತು. ಎಲ್ಲರೂ ಇಳಿದರು.
ದೋಣಿಯವನು ನನ್ನ ಮುಖ ನೋಡಿದ, ಇವರದನ್ನೂ ನೋಡಿದ.
ನಾನು ತುಟಿಗೆ ಬೆರಳಿಟ್ಟು
ನಾಲ್ಕು ನಾಣ್ಯ ಅವನ ಅಂಗೈಗೆ ಸದ್ದಾಗದಂತೆ ಹಾಕಿದೆ.
ಆಚೆಗೆ ಹೋಗಿ ಇನ್ನೂ ನಾಲ್ಕು.
ಆಲ್ರಿಕ್ ಕೂಡ ಪಿಸುಗುಟ್ಟಿದ್ದು ನನಗೆ ನೆನಪಿರುವ ಮಟ್ಟಿಗೆ
ಅದೇ ಮೊದಲು.

ರಾತ್ರಿ ಲೆಕ್ಕದ ಪುಸ್ತಕದಲ್ಲಿ ಬರೆದೆ:
ದೋಣಿ, ಹದಿನಾರು. ನಿದ್ದೆ, ಎಂಟು.
ಶೆರಿಲ್ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.
"ನಿದ್ದೆಗೂ ದುಡ್ಡಾ ಮಮ್ಮಿ?"
ಇವರಿಗೋ ಈಗ ಕಣ್ಣಿಗೆ ಕಣ್ಣು ಹತ್ತದು,
ಹಗಲು ಮಲಗಿದ್ದು ಅತಿಯಾಯಿತಂತೆ.
ದೀಪದ ಕೆಳಗೆ ಕೂತು, ಕಾಗದವನ್ನು ಒಳಹೊರಗು ಮಾಡಿ,
ಸಮಾಜಕ್ಕೆ ಬಿಳಿಯ ಹೊದಿಕೆ ಮಡಚುತ್ತಿದ್ದಾರೆ.
ಹಲಗೆಯಾಚೆ ಮಗು ಕೆಮ್ಮುತ್ತದೆ, ಸುಮ್ಮನಾಗುತ್ತದೆ.
ಪುಟದ ಕೊನೆಗೆ ಗೆರೆ ಎಳೆದೆ.
ಬಾಕಿ: ಹದಿನೆಂಟು ದಿನ.