ಏಳು ದಿನಕ್ಕೆ ಸಾಕಾಗುವಷ್ಟು

ಭಾನುವಾರ ರಾತ್ರಿ, ತಾರ್ತು ಪಟ್ಟಣ, ಮೂರನೇ ಮಹಡಿ.
ವಾರದ ರಸೀದಿಗಳನ್ನೆಲ್ಲ ಮೇಜಿನ ಮೇಲೆ ಹರವಿಕೊಂಡು ಕೂತಿದ್ದೇನೆ.
ಲೆಕ್ಕಕ್ಕಲ್ಲ, ಲೆಕ್ಕ ಪ್ರೀಟ್‌ನ ಪಾಲಿನದು.
ರಸೀದಿಯ ಬೆನ್ನು ಬಿಳಿಯಾಗಿರುತ್ತದಲ್ಲ, ಅದಕ್ಕೆ.
ಯಾರೂ ತಿರುವಿ ನೋಡದ ಕಡೆ
ನನ್ನದೂ ನಾಲ್ಕು ಸಾಲು.

ಸೋಮವಾರ ಅಂಚೆಡಬ್ಬಿಯಲ್ಲಿ ಸರ್ಕಾರದ ಹಾಳೆ:
ಏಳು ದಿನಕ್ಕೆ ಸಾಕಾಗುವಷ್ಟು ಮನೆಯಲ್ಲಿಟ್ಟುಕೊಳ್ಳಿ.
ತಲೆಗೆ ಇಷ್ಟು ಲೀಟರ್ ನೀರು, ಡಬ್ಬಿಯ ಬಟಾಣಿ,
ಒಣಗಿದ ಕರಿ ರೊಟ್ಟಿ, ರೇಡಿಯೊ, ಟಾರ್ಚು, ಚಿಲ್ಲರೆ.
ಏತಕ್ಕೆಂದು ಬರೆದಿರಲಿಲ್ಲ.
ಗಡಿ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆ.
ಬರೆಯುವುದೇನಿದೆ.

ಅತ್ತೆ ಹೆಲ್ಯು ಕನ್ನಡಕ ಏರಿಸಿ ಓದಿದರು, ಮೂಗಿನಲ್ಲೇ ನಕ್ಕರು:
"ಉಪ್ಪನ್ನೇ ಮರೆತಿದ್ದಾನೆ ನೋಡು, ಯಾವ ಹುಡುಗನೋ ಪಾಪ."
ಅವರ ಮಂಚದಡಿ ಆರು ಕಿಲೊ ಉಪ್ಪಿದೆ,
ನಾನು ಈ ಮನೆ ಸೇರುವ ಮೊದಲಿನಿಂದ.
ಕಲ್ಲಾಗಿದೆ. ಎಸೆಯಗೊಡುವುದಿಲ್ಲ.
ಸಾಲಿನಲ್ಲಿ ನಿಂತೇ ಅರ್ಧ ಆಯಸ್ಸು ಕಳೆದವರಿಗೆ
ನಾನು ಪಟ್ಟಿ ಓದಿ ಹೇಳಲೆ?

ನೀರಿನ ಕ್ಯಾನು ಹೊತ್ತು ಮೆಟ್ಟಿಲು ಹತ್ತುವಾಗ
ಕೆಳಮನೆಯ ಮೈರೆ ಎದುರಾದಳು,
ಅವಳ ಕೈಯಲ್ಲೂ ಅಂಥದ್ದೇ ಎರಡು ಕ್ಯಾನು.
ಇಬ್ಬರೂ ಕದ್ದು ಸಿಕ್ಕಿಬಿದ್ದವರಂತೆ ನಿಂತೆವು.
"ಚಳಿ ಬಂತಲ್ಲ" ಅಂದಳು.
"ಬಂತು" ಅಂದೆ.

ಆಪತ್ತಿಗೆಂದು ತೆಗೆದಿಟ್ಟ ಚಾಕೊಲೇಟು ಗುರುವಾರಕ್ಕೇ ಖಾಲಿ.
ಆಪತ್ತು ಬಂದಿತ್ತಂತೆ ತಾನೆಲ್‌ಗೆ, ಗಣಿತದ ಪರೀಕ್ಷೆಯಾಗಿ.
ಹದಿನೈದು ವರ್ಷ ಅವನಿಗೆ.
ಊಟದ ತಟ್ಟೆಯ ಪಕ್ಕದಲ್ಲೇ ಫೋನು,
ಹೆಬ್ಬೆರಳು ಟ್ಯಾಂಕಿನಿಂದ ಬೆಕ್ಕಿಗೆ ಜಾರುತ್ತದೆ,
ಬೆಕ್ಕಿನಿಂದ ಬೂಟಿಗೆ, ಬೂಟಿನಿಂದ ಉರಿಯುವ ಊರಿಗೆ,
ಎಲ್ಲಕ್ಕೂ ಒಂದೇ ಮುಖ.
ಬೈಯಲು ಬಾಯಿ ತೆರೆದೆ, ಮುಚ್ಚಿದೆ.
ಅದೇ ಹಸಿರು ಕೋಟನ್ನು ಈ ವಾರ ಮೂರು ಸಲ
ಬುಟ್ಟಿಗೆ ಹಾಕಿ ಮೂರು ಸಲ ತೆಗೆದವಳು ನಾನೇ ತಾನೆ,
ಅದೂ ವಾರ್ತೆ ಕೇಳುತ್ತಾ.

ಬೆಳಗಿನ ವಾರ್ತೆಯ ದನಿ ನಾನು ತಗ್ಗಿಸುತ್ತೇನೆ, ಲೇಲೊ ಬಂದಳೆಂದರೆ.
ಒಂಬತ್ತು ವರ್ಷದವಳು. ಗಂಜಿ ಕಲಕುತ್ತಾ ಹೇಳುತ್ತಾಳೆ:
"ಜೋರು ಮಾಡಮ್ಮಾ, ನಂಗೆ ಕೇಳಿಸ್ತಿಲ್ಲ."

ನನ್ನ ಕಾದಂಬರಿ ನಲವತ್ತೊಂದನೇ ಪುಟದಲ್ಲಿದೆ, ಮೂರು ವಾರದಿಂದ.
ಗ್ರಂಥಾಲಯದವರು ಎರಡು ಸಲ ಗಡುವು ಕೊಟ್ಟರು.
ಒಳಗೊಬ್ಬ ಹೆಂಗಸು ಪೆಟ್ಟಿಗೆ ಹಿಡಿದು ಸ್ಟೇಷನ್ನಿನಲ್ಲಿ ನಿಂತಿದ್ದಾಳೆ.
ನನಗೆ ನಿದ್ದೆ ಬರುತ್ತದೆ,
ಅವಳಿಗೆ ರೈಲು ಬರುವುದಿಲ್ಲ.

ನಿನ್ನೆ ಸಂಜೆ ಗಾಳಿಗೆ ಕರೆಂಟು ಹೋಯಿತು.
ನನಗೋ ಒಳಗೊಳಗೇ ಒಂದು ಜಂಬ:
ಎಲ್ಲಿ, ಹೊಸ ಟಾರ್ಚು! ಒತ್ತಿದೆ. ಕುಲುಕಿದೆ. ಮತ್ತೆ ಒತ್ತಿದೆ.
ಕತ್ತಲಲ್ಲಿ ಲೇಲೊ ಗಂಟಲು ಸರಿಮಾಡಿಕೊಂಡಳು.
ವಾರವೆಲ್ಲ ಕಂಬಳಿಯೊಳಗೆ ಓದಿದ್ದಳಂತೆ,
ದಪ್ಪ ಪುಸ್ತಕ, ಒಂದು ನರಿಯದು.
"ಓದಿ ಮುಗಿಸಿದೆಯಾ?" ಕೇಳಿದವರು ಅತ್ತೆ.
"ಮುಗೀತು." "ಹಾಗಿದ್ದರೆ ಹೇಳು."

ಹೇಳಿದಳು. ನಮ್ಮ ಹೊಳೆಯಂಥದೇ ಹೊಳೆ,
ಹೆಪ್ಪುಗಟ್ಟಿದ್ದು ಬರೀ ದಡದ ಹತ್ತಿರ.
ನರಿಯ ಬಾಯಲ್ಲಿ ಮರಿ, ಆಚೆ ದಡದಲ್ಲಿ ಇನ್ನೆರಡು.
ತಾನೆಲ್ ಕೂಡ "ಆಮೇಲೆ?" ಅಂದ.
ನರಿ ಮಂಜಿನ ಮೇಲೆ ಮುಂಗಾಲಿಟ್ಟಿತು,
ಟಿಕ್ ಎಂದು ಎಲ್ಲೋ ಬಿರುಕು,
ಅಷ್ಟರಲ್ಲಿ ದೀಪ ಬಂತು,
ಫ್ರಿಜ್ಜು ಗೊರ್ರೆಂದಿತು.
ಎಲ್ಲರೂ ಎದ್ದರು, ಅವರವರ ಪ್ಲಗ್ಗು ಹುಡುಕುತ್ತಾ.

ಗದರಬೇಕಿತ್ತು. ಮರೆತುಹೋಯಿತು.

ಬರುವ ವಾರಕ್ಕೆ, ಮೊಟ್ಟೆಯ ರಸೀದಿಯ ಬೆನ್ನಿಗೆ:
ಬ್ಯಾಟರಿ ನಾಲ್ಕು. ಅಲ್ಲ, ಎಂಟು.
ಚಾಕೊಲೇಟು, ಬೇರೆ ಜಾಗದಲ್ಲಿಡುವುದು.
ಉಪ್ಪು (ಅತ್ತೆಗೆ ಕಾಣುವಂತೆ ತರುವುದು).
ಹಸಿರು ಕೋಟು ಬರೆದು, ಹೊಡೆದುಹಾಕಿ, ಗುಂಡಗೆ ಸುತ್ತು ಹಾಕಿದ್ದೇನೆ.
ನರಿ ದಾಟಿತೋ ಇಲ್ಲವೋ,
ಬೆಳಿಗ್ಗೆ ಕೇಳಬೇಕು.