ಗಾಳಿ ತೆಗೆಯುವುದು

ಬ್ಯಾಲರಾಟ್, ಜುಲೈ. ಶೆಡ್ಡಿನ ತಗಡಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ.
ಕ್ಲಚ್ ಪೆಡಲ್ ಎಲುಬಿಲ್ಲದ ನಾಲಿಗೆ,
ತುಳಿದರೆ ನೆಲ ಮುಟ್ಟಿ
ಅಲ್ಲೇ ಮಲಗುತ್ತದೆ.

ಡಲ್ಸಿ ಕಾರಿನಡಿ. ಕಾಣುವುದು ಅವಳ ಬೂಟು ಮಾತ್ರ.
"ಮೇಲಿನ ಸಿಲಿಂಡರ್ ನೆಟ್ಟಗಿದೆ, ಒಸರುವುದು ಕೆಳಗಿನದು."
ರಬ್ಬರ್ ಟೊಪ್ಪಿ ಸರಿಸಿದ್ದೇ
ಕಷಾಯದಂಥ ಕಪ್ಪು ಎಣ್ಣೆ
ಮೊಣಕೈವರೆಗೂ ಇಳಿಯಿತಂತೆ.

ಹೊಸ ಸೀಲು ಕೂತಿತು. ಇನ್ನು ಇಬ್ಬರ ಕೆಲಸ:
ಒತ್ತು. ಹಿಡಿ.
ಅವಳು ನಿಪ್ಪಲ್ ಸಡಿಲಿಸಿದಾಗ
ವೆಜಿಮೈಟ್ ಸೀಸೆಯೊಳಗೆ ಗುಳುಗುಳು.
ಬಿಗಿದೆ. ಈಗ ಬಿಡು.

ಏಳನೇ ಸಲ, ಕಾಲು ಜೋಮು ಹಿಡಿದು,
ಹೇಳುವ ಮೊದಲೇ ಬಿಟ್ಟೆ.
ಹೊರಟಿದ್ದ ಗಾಳಿ ಮರಳಿ ಒಳಗೆ.
ಬೂಟು ಅಲ್ಲಾಡಲಿಲ್ಲ.
"ಮೊದಲಿಂದ," ಎಂದಳು, ಅಷ್ಟೇ.

ಕತ್ತಲಾಗುವ ಹೊತ್ತಿಗೆ
ಎಲ್ಲೋ ಆಳದಿಂದ ಪೆಡಲ್
ನನ್ನ ಅಂಗಾಲನ್ನು ತಿರುಗಿ ಒತ್ತಿತು.